ಮಾವನವರು ಜೀಪಿಗೆ ಕಲಿಸಿದ ಡಬಲ್ ಕ್ಲಚ್

ಮಾವನ ಮನೆಯಲ್ಲಿ ಅಳಿಯನಿಗೆ ತಪ್ಪು ಮಾಡುವ ಸ್ವಾತಂತ್ರ್ಯ ಧಾರಾಳವಾಗಿರುತ್ತದೆ. ತಿದ್ದುವವರು ಮಾತ್ರ ಯಾರೂ ಇರುವುದಿಲ್ಲ. ಅವನು ಸಾರಿಗೆ ಉಪ್ಪು ಸಾಲದು ಎಂದರೆ, ಪಾಪ, ಇಡೀ ಮನೆ ಉಪ್ಪು ಹಾಕಿಕೊಂಡು ಉಣ್ಣುತ್ತದೆ. ಹುಮನಾಬಾದಿನ ನನ್ನ ಮಾವನವರಂತೂ ಈ ಮರ್ಯಾದೆಯಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಧಾನ್ಯದ ವ್ಯಾಪಾರಿ. ಹಮಾಲರ ಮೇಲೆ ಅವರು ಕೂಗಿದರೆ ಬೀದಿಯ ಕೊನೆಗೆ ಕೇಳುತ್ತಿತ್ತು. ನನ್ನೆದುರು ಮಾತ್ರ ದನಿಯೇ ಏಳುತ್ತಿರಲಿಲ್ಲ. ಮದುವೆಯ ಹೊಸದರಲ್ಲಿ ನನಗಿದು ಬಹಳ ಹಿಡಿಸಿತ್ತು. ಅವರ ಹಳೇ ಜೀಪಿನ ಸ್ಟೇರಿಂಗ್ ಹಿಡಿಯುವವರೆಗೆ.

ತೊಂಬತ್ತರ ದಶಕದ ಮಾತು. ನನ್ನದು ಬಸವಕಲ್ಯಾಣದಲ್ಲಿ ಬಟ್ಟೆ ಅಂಗಡಿ. ಹಬ್ಬ ಮುಗಿಸಿ ಊರಿಗೆ ಮರಳುವಾಗ ಹೆಂಡತಿ, ಮಕ್ಕಳು, ಜೋಳದ ಚೀಲ, ಉಪ್ಪಿನಕಾಯಿ ಭರಣಿ ಎಲ್ಲವನ್ನೂ ಬಸ್ಸಿಗೆ ಹತ್ತಿಸುವಷ್ಟರಲ್ಲಿ ನನ್ನ ಅಂಗಿಯ ಗುಂಡಿ ಉಳಿಯುತ್ತಿರಲಿಲ್ಲ. ಚಿಟಗುಪ್ಪದ ನನ್ನ ಷಡ್ಡಕ ಮಾತ್ರ ಬೇಕೆಂದಾಗ ಮಾವನವರ ಜೀಪು ಒಯ್ಯುತ್ತಿದ್ದ. ಆ ಕೀಲಿ ನನಗೂ ಬೇಕಾಗಿತ್ತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಲೈಸನ್ಸು ಕಿಸೆಯಲ್ಲಿತ್ತು. ಆದರೆ ನಾನು ಕಲಿತದ್ದು ಹೊಸ ಕಾರಿನಲ್ಲಿ. ಅದರ ಗೇರು ಬೆಣ್ಣೆಯಿಂದ ಕೂದಲು ತೆಗೆದಂತೆ ಬೀಳುತ್ತಿತ್ತು.

ಒಂದು ದಿನ ಮಾವನವರೇ ಪರೀಕ್ಷೆಗೆ ಪಕ್ಕದಲ್ಲಿ ಕುಳಿತರು, ಹಿಂದೆ ಹೆಂಡತಿ. ಊರಾಚೆಯ ಏರಿನಲ್ಲಿ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದೆ. ಕರ್‍ರ್ ಎಂದು ಜೀಪು ಕಿರುಚಿದ್ದಕ್ಕೆ ರಸ್ತೆ ಬದಿಯ ಕುರಿಗಳು ಮೇಯುವುದು ಬಿಟ್ಟು ನೋಡಿದವು. ಮಾವನವರು ನನ್ನತ್ತ ತಿರುಗಲಿಲ್ಲ. ಡ್ಯಾಶ್‌ಬೋರ್ಡ್ ತಟ್ಟಿ ಜೀಪಿಗೇ ಅಂದರು: "ಯಾಕಲೇ, ಹಲ್ಲು ಕಡಿಯಾಕತ್ತೀ? ಅಳಿಯಂದ್ರು ಕುಂತಾರ, ಜರಾ ಅದಬ್ ಇರ್ಲಿ, ಮರ್ಯಾದಿ ಇರ್ಲಿ."

"ಗಾಡಿ ಹಳೇದು ನೋಡ್ರಿ ಮಾವ," ಎಂದೆ, ದೊಡ್ಡ ಮನಸ್ಸು ಮಾಡಿ.

"ಹೌದ್ರಿ, ತಪ್ಪೆಲ್ಲಾ ಅದರದೇ," ಎಂದರು.

ಹೆಂಡತಿ ಹಿಂದಿನಿಂದ ಕಿವಿಯಲ್ಲಿ ಉಸುರಿದಳು: "ರೀ, ಅಪ್ಪ ಬೈದದ್ದು ನಿಮಗ್ರಿ."

ಅಂದಿನಿಂದ ಪಾಠ ಶುರು. ವಿದ್ಯಾರ್ಥಿ ಜೀಪು, ನಾನು ಪಕ್ಕದಲ್ಲಿ ಕೇಳಿಸಿಕೊಂಡವನು, ಅಷ್ಟೇ. "ನೋಡಲೇ, ಕ್ಲಚ್ ಒತ್ತಿ ನ್ಯೂಟ್ರಲ್‌ಕ್ಕ ತಾ. ಕ್ಲಚ್ ಬಿಡು. ಜರಾ ರೇಸ್ ಕೊಡು. ಮತ್ತ ಒತ್ತು, ಆಮ್ಯಾಗ ಎರಡಕ್ಕ ಹಾಕು. ಎರಡು ಸಲ ಒತ್ತೋದಕ್ಕ ಡಬಲ್ ಕ್ಲಚ್ ಅಂತಾರ." ಹೆಸರಿನ ಮೂಲವನ್ನೂ ಜೀಪಿಗೇ ತಿಳಿಸಿದರು. ಅವರು ಹರೆಯದಲ್ಲಿ ಓಡಿಸಿದ ಲಾರಿಗಳ ಗೇರ್ ಪೆಟ್ಟಿಗೆಯಲ್ಲಿ ಹಲ್ಲಿನ ಚಕ್ರಗಳ ವೇಗವನ್ನು ಸರಿದೂಗಿಸುವ ಏರ್ಪಾಡೇ ಇರಲಿಲ್ಲವಂತೆ; ಈ ಜೀಪಿನಲ್ಲಿ ಇದ್ದದ್ದೂ ಸವೆದುಹೋಗಿತ್ತಂತೆ. ಒಂದು ಜೋರಾಗಿ, ಇನ್ನೊಂದು ನಿಧಾನವಾಗಿ ತಿರುಗುವಾಗ ಕೂಡಿಸಿದರೆ ಜಗಳ ಗ್ಯಾರಂಟಿ. ನಡುವೆ ರೇಸ್ ಕೊಟ್ಟು ಎರಡನ್ನೂ ಸಮಕ್ಕೆ ತರುವುದು ಡ್ರೈವರನ ಕಾಲಿನ ಕೆಲಸವಾಗಿತ್ತು. ಹೊಸ ಗಾಡಿಗಳು ಆ ಕೆಲಸವನ್ನು ತಾವೇ ಮಾಡಿಕೊಂಡವು. ಹೆಸರು ಹಳೇ ಡ್ರೈವರರ ಬಾಯಲ್ಲಿ ಉಳಿಯಿತು.

ನಾನು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಜಿನ ಕೆಳಗೆ ಬರಿಗಾಲಲ್ಲಿ ನೆಲ ಒತ್ತಿ ಒತ್ತಿ ಅಭ್ಯಾಸ ಮಾಡಿದೆ. ಆ ಗುಂಗಿನಲ್ಲಿ, ಸೀರೆಯ ದರ ಇಳಿಸಲು ಚೌಕಾಶಿ ನಡೆಸಿದ್ದ ಹೆಂಗಸೊಬ್ಬಳಿಗೆ "ಮೊದಲು ನ್ಯೂಟ್ರಲ್‌ಕ್ಕ ಬರ್ರಿ" ಎಂದುಬಿಟ್ಟೆ. ಆಕೆ ಎದುರಿನ ಅಂಗಡಿಗೆ ಹೋದಳು.

ಯುಗಾದಿಯ ಮರುದಿನ ಮತ್ತೆ ಅದೇ ಏರು. ಒತ್ತಿದೆ, ಬಿಟ್ಟೆ, ರೇಸ್ ಕೊಟ್ಟೆ, ಒತ್ತಿದೆ. ಎರಡನೇ ಗೇರು ಸದ್ದಿಲ್ಲದೆ ಹೋಗಿ ಕುಳಿತಿತು. ಮಗ ಹುಟ್ಟಿದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ. ಇದನ್ನು ಹೆಂಡತಿಗೆ ಹೇಳಿಲ್ಲ. ಏರು ದಾಟಿದ ಮೇಲೆ ಮಾವನವರು ಗಾಡಿ ನಿಲ್ಲಿಸಲು ಹೇಳಿ ಇಳಿದರು. ನಾನೂ ಇಳಿದು, ಬೆನ್ನು ತಟ್ಟಲು ಅವರಿಗೆ ಅನುಕೂಲವಾಗಲೆಂದು ತುಸು ಬಾಗಿ ನಿಂತೆ.

ಅವರು ನನ್ನನ್ನು ದಾಟಿ ಹೋಗಿ ಬಾನೆಟ್ ತಟ್ಟಿದರು. "ಶಬ್ಬಾಸ್! ಭಾಳ ಶಾಣ್ಯಾ ಆದಿ. ಇನ್ನ ಅಳಿಯಂದ್ರನ್ನ ಹುಷಾರಾಗಿ ಕಲ್ಯಾಣಕ್ಕ ಮುಟ್ಟಸು."

ಕೀಲಿ ನನ್ನ ಕೈಯಲ್ಲೇ ಉಳಿಯಿತು, ನಿಜ. ಆದರೆ ಅಷ್ಟು ದಿನ ಬೈಗುಳವೆಲ್ಲ ಜೀಪಿನದೇ ಎಂದು ತೆಪ್ಪಗಿದ್ದವನು ನಾನು. ಈಗ ಹೊಗಳಿಕೆ ನನ್ನದೆಂದು ಯಾವ ಬಾಯಿಂದ ಕೇಳಲಿ?