ಒಂದೇ ಟ್ಯೂನರಿನ ಸಂಸಾರ

ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಅದರ ಪಾಡಿಗೆ ಬಿಡಲಾರದ ಒಂದು ಜಾತಿಯ ಗಂಡಸರಿದ್ದಾರೆ. ನಲ್ಲಿ ಸೋರದಿದ್ದರೆ ಅವರಿಗೆ ಬೇಸರ, ಫ್ಯಾನು ಸದ್ದು ಮಾಡದಿದ್ದರೆ ಅನುಮಾನ. ನಾನು ಆ ಜಾತಿಯ ಸಕ್ರಿಯ ಸದಸ್ಯ. ಶಿವಮೊಗ್ಗದ ಕಾಲೇಜೊಂದರಲ್ಲಿ ಸಂಬಳಕ್ಕೆ ಅರ್ಥಶಾಸ್ತ್ರ ಹೇಳುತ್ತೇನೆ. ಕಂಪ್ಯೂಟರು ಮನೆಯವರ ಸಂಕಟಕ್ಕೆ. ಈಚೆಗೆ ಒಂದು ಸಾಫ್ಟ್‌ವೇರ್ ಕೈಗೆ ಸಿಕ್ಕಿತು. ತಾರಸಿಯ ಡಿಶ್ಶಿನ ವೈರನ್ನು ಟ್ಯೂನರ್ ಎಂಬ ಪುಟ್ಟ ಡಬ್ಬಿಗೆ, ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ, ಟಿವಿಯ ನೇರಪ್ರಸಾರ ವೈಫೈ ಮೂಲಕ ಮನೆಯ ಎಲ್ಲ ಫೋನು, ಟ್ಯಾಬುಗಳಲ್ಲೂ ಬರುತ್ತದೆ. ಎಷ್ಟು ಹಗುರವೆಂದರೆ ನನ್ನ ಮುದಿ ಲ್ಯಾಪ್‌ಟಾಪಿಗೂ ಏದುಸಿರು ಬರುವುದಿಲ್ಲ. ಓಪನ್ ಸೋರ್ಸ್ ಬೇರೆ. ಯಾರು ಬೇಕಾದರೂ ಅದರ ಹೊಟ್ಟೆ ಬಿಚ್ಚಿ ನೋಡಬಹುದು. ನಾನೂ ಬಿಚ್ಚಿ ನೋಡಿದೆ, ಏನೂ ಅರ್ಥವಾಗಲಿಲ್ಲ. ಆದರೂ ಹಾಗೆ ನೋಡುವ ಹಕ್ಕಿನ ಬಗ್ಗೆ ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದೆ. ಸಹೋದ್ಯೋಗಿಗಳು ಗಂಟೆ ಹೊಡೆಯುವ ಮುಂಚೆಯೇ ಕ್ಲಾಸಿಗೆ ಹೊರಡತೊಡಗಿದ್ದು ಆಗಿನಿಂದ.

ಆಗಲೇ ಭದ್ರಾವತಿಯಿಂದ ಸುದ್ದಿ ಬಂತು. ನನ್ನ ಹೆಂಡತಿಯ ಅಣ್ಣನ ಮಗಳು ಇಂಚರ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಹಾಡುತ್ತಾಳೆ, ಅದೂ ನೇರಪ್ರಸಾರದಲ್ಲಿ. ನ್ಯೂ ಟೌನಿನ ಮಾವನ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಚಿಂತೆ ಒಂದೇ: ಟಿವಿ ಇರುವುದು ಹಾಲಿನಲ್ಲಿ, ಸೊಂಟ ಮುರಿದುಕೊಂಡ ಅಜ್ಜಿ, ಅಂದರೆ ಮಾವನ ತಾಯಿ, ಮಲಗಿರುವುದು ಒಳಕೋಣೆಯಲ್ಲಿ. ಇಂಚರಳಿಗೆ ಸ್ವರ ಕಲಿಸಿದವರೇ ಅಜ್ಜಿ. "ಟಿವಿನೇ ಎತ್ತಿ ಅಜ್ಜಿ ರೂಮಿಗೆ ಇಟ್ರಾಯ್ತು" ಎಂದಳು ಹೆಂಡತಿ. ಇಷ್ಟು ಸರಳವಾದ ಉಪಾಯವನ್ನು ನಾನು ಹೇಗೆ ಒಪ್ಪಲಿ? "ಅದೆಲ್ಲ ಹಳೇ ಕಾಲ ಮಾರಾಯ್ತಿ. ಅವರವರ ಕೈಯಲ್ಲಿ ಅವರವರ ಟಿವಿ ಕೊಡ್ತೀನಿ" ಎಂದು ಡಬ್ಬಿ, ಲ್ಯಾಪ್‌ಟಾಪ್ ಹೊತ್ತು ಹೋದೆ. ಸುಖವಾಗಿ ನಡೆಯುತ್ತಿದ್ದ ಟಿವಿಯ ವೈರನ್ನು ಕಿತ್ತು ನನ್ನ ಡಬ್ಬಿಗೆ ಚುಚ್ಚಿದೆ. ಅಜ್ಜಿಯ ಎದುರು ಒಂದು ಟ್ಯಾಬ್, ಮಾವನಿಗೆ ಒಂದು, ಅಡುಗೆಮನೆಯಲ್ಲಿ ಅತ್ತೆಗೆ ಫೋನು. ಎಲ್ಲದರಲ್ಲೂ ಚಿತ್ರ ಬಂತು. ಹೇಳದೆ ಉಳಿಸಿದ್ದು ಒಂದೇ ಸಂಗತಿ. ಒಂದು ಟ್ಯೂನರಿಗೆ ಒಂದು ಹೊತ್ತಿಗೆ ಒಂದೇ ಚಾನೆಲ್; ಒಬ್ಬರು ಬದಲಿಸಿದರೆ ಎಲ್ಲರಿಗೂ ಬದಲು. ಸೀಮಿತ ಸಂಪನ್ಮೂಲದ ಬಗ್ಗೆ ವರ್ಷಗಟ್ಟಲೆ ಪಾಠ ಹೇಳಿದವನು ಇದನ್ನು ಸಣ್ಣ ವಿಷಯವೆಂದು ಭಾವಿಸಿದ್ದೆ.

ನಿರೂಪಕಿ ಇಂಚರಳ ಹೆಸರು ಕರೆದಳು. ಹುಡುಗಿ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಎಲ್ಲ ಪರದೆಗಳ ಮೇಲೂ ಉದ್ದ ಗಡ್ಡದ ಒಬ್ಬರು ಪ್ರತ್ಯಕ್ಷರಾಗಿ, "ಕನ್ಯಾ ರಾಶಿಯವರು ಇಂದು ಬಂಧುಗಳಿಂದ ಎಚ್ಚರವಾಗಿರಬೇಕು" ಎಂದರು.

"ಇಂಚರ ಎಲ್ಲಪ್ಪಾ? ಈ ಗಡ್ಡದವ್ನು ಯಾರು?" ಒಳಗಿನಿಂದ ಅಜ್ಜಿ ಕೂಗಿದರು.

ಮಾವನ ಕೋಣೆಯ ಬಾಗಿಲು ಮುಚ್ಚಿತ್ತು. ಅವರು ಕಾರ್ಖಾನೆಯ ಯೂನಿಯನ್ ಮುಂದಾಳಾಗಿದ್ದವರು. ಗ್ರಹ, ಜಾತಕ ಎಂದವರನ್ನು ಗೇಟಿನಲ್ಲೇ ನಿಲ್ಲಿಸಿ ಬೆವರಿಳಿಸಿದವರು. ಬಾಗಿಲು ಬಡಿದಾಗ ಕಿವಿಯ ಇಯರ್‌ಫೋನ್ ಕಳಚುತ್ತಾ ಹೊರಬಂದರು.

"ಅಪ್ಪಾ, ಚಾನೆಲ್ ಬದಲಿಸಿದ್ದು ನೀವಾ?" ಎಂದಳು ಹೆಂಡತಿ.

"ನನ್ನ ಟ್ಯಾಬಲ್ಲಿ ನಂಗೊಬ್ಬನಿಗೇ ಕಾಣೋದು ಅಂದ್ರಲ್ಲ ಅಳಿಯಂದ್ರು! ನಮ್ಮ ಹುಡುಗಿ ಹಾಡೋಕಿನ್ನೂ ಟೈಮಿದೆ ಅಂದ್ಕೊಂಡೆ. ಟೀಕೆ ಮಾಡೋಕೆ ಅಂತ ನೋಡ್ತಿದ್ದೆ ಕಣೇ, ನಂಬಿ ಅಲ್ಲ."

"ನಿಮ್ಮದು ಕನ್ಯಾ ರಾಶಿ ಅಲ್ವಾ?" ಎಂದು ಅತ್ತೆ ಸೌಟು ಹಿಡಿದೇ ಕೇಳಿದರು.

ನಾನು ಚಾನೆಲ್ ವಾಪಸ್ ತಿರುಗಿಸಿದೆ. ಅದೇ ಹೊತ್ತಿಗೆ ಅತ್ತೆ ತಮ್ಮ ಫೋನಿನಲ್ಲಿ, ಹೆಂಡತಿ ಅಜ್ಜಿಯ ಟ್ಯಾಬಿನಲ್ಲಿ, ಮಾವ ಪಶ್ಚಾತ್ತಾಪದಿಂದ ತಮ್ಮದರಲ್ಲಿ ಗುಂಡಿ ಒತ್ತಿದರು. ಸಾಫ್ಟ್‌ವೇರ್ ಎಲ್ಲರ ಮಾತನ್ನೂ ಕೇಳಹೋಗಿ ಸುಮ್ಮನೆ ನಿಂತುಬಿಟ್ಟಿತು. ವೈರನ್ನು ಮತ್ತೆ ಟಿವಿಗೆ ಸಿಕ್ಕಿಸಲು ಓಡಿದೆ. ಅವಸರಕ್ಕೆ ಅದರ ತುದಿಯೇ ಕಿತ್ತು ಕೈಗೆ ಬಂತು.

"ಮೊದ್ಲು ಒಂದು ಟಿವಿ ಹಾಳಾಗ್ತಿತ್ತು. ಈಗ ನೋಡ್ರಿ, ಇಡೀ ಮನೇಲಿ ಒಟ್ಟಿಗೇ ಹಾಳಾಗುತ್ತೆ. ಎಂಥಾ ಪ್ರಗತಿ!" ಎಂದಳು ಹೆಂಡತಿ. ಅವಳ ಕಣ್ಣಲ್ಲಿ ನೀರಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಸೆಲ್ವಿ ಅಕ್ಕ ಕಾಂಪೌಂಡಿನಾಚೆಯಿಂದ ಕೂಗಿದರು. "ಪಾಪು ಹಾಡ್ತಾ ಇದೆ! ಏನಕ್ಕಾ, ನೀವು ಟಿವಿ ಹಾಕಿಲ್ವಾ?" ಮೂವರೂ ಚಪ್ಪಲಿ ಮೆಟ್ಟದೆ ಓಡಿದರು. ಅಜ್ಜಿಯ ಬಳಿ ಉಳಿದವನು ನಾನೊಬ್ಬನೇ. ಸೆಕೆ ಎಂಬ ನೆಪದಲ್ಲಿ ಕಿಟಕಿಯ ಒಂದು ಬಾಗಿಲು ತೆರೆದೆ. ಸೆಲ್ವಿ ಅಕ್ಕನ ಹಾಲಿನಿಂದ ಇಂಚರಳ ದನಿ ತೇಲಿ ಬಂತು. ಅಜ್ಜಿ ಕಣ್ಣು ಮುಚ್ಚಿಕೊಂಡರು. ಹೊದಿಕೆಯ ಮೇಲೆ ಅವರ ಬೆರಳು ತಾಳ ಹಾಕತೊಡಗಿತು. ಒಂದು ಕಡೆ ಹುಡುಗಿ ಸ್ವರ ಎಳೆದು ನಿಲ್ಲಿಸಿದಾಗ "ಶಭಾಷ್" ಎಂದರು.

"ಚಿತ್ರ ಇಲ್ದಿದ್ರೂ ಚಿಂತೆಯಿಲ್ಲಪ್ಪಾ," ಎಂದರು ಕಣ್ಣು ತೆರೆಯದೆ, ಕಪ್ಪಾಗಿ ಬಿದ್ದಿದ್ದ ಟ್ಯಾಬಿನತ್ತ ಗದ್ದದಿಂದಲೇ ತೋರಿಸಿ. "ಎಷ್ಟು ಸ್ಪಷ್ಟ ಕೇಳ್ತದೆ! ಪಕ್ಕದಲ್ಲೇ ಕೂತು ಹಾಡಿದಂಗಿದೆ. ಒಳ್ಳೇ ಮಿಷನ್ ತಂದೆ. ಇನ್ನೊಂಚೂರು ಸೌಂಡ್ ಕೊಡ್ತೀಯಾ?"

"ಆಗ್ಲಿ ಅಜ್ಜಿ" ಎಂದು ಗಂಭೀರವಾಗಿ ಎದ್ದು, ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದೆ.