ಹನ್ನೊಂದು ಮೊಟ್ಟೆ, ಒಂದು ಬಾಯಿ

ಕೆಲವರಿಗೆ ಬೀಡಿ ಚಟ, ಕೆಲವರಿಗೆ ಇಸ್ಪೀಟು. ನನಗೆ ಬುದ್ಧಿ ಹೇಳುವ ಚಟ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಈ ಚಟ ಹೇಗೆ ಅಂಟಿತೋ ಗೊತ್ತಿಲ್ಲ. ಬಹುಶಃ ಶಾಲೆಯಲ್ಲಿ ಬಾಯಿ ಬಿಡಲು ಅವಕಾಶ ಸಿಗದ್ದಕ್ಕೇ ಇರಬೇಕು. ಬಸ್‌ಸ್ಟಾಪಿನಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ನಾನು ಶುಂಠಿಯಿಂದ ಶುರುಮಾಡುತ್ತೇನೆ. ಇದರಿಂದ ಈವರೆಗೆ ಯಾರ ಪ್ರಾಣವೂ ಹೋಗಿಲ್ಲ ಎಂಬ ಧೈರ್ಯವಿತ್ತು. ಕಳೆದ ಚಳಿಗಾಲದಲ್ಲಿ ಅದೂ ಹೋಯಿತು.

ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ಕಡೆ ಹೋಗುವಾಗ ಅಪಾರ್ಟ್‌ಮೆಂಟುಗಳ ಬೆನ್ನಿಗೆ ನಮ್ಮ ಓಣಿ. ಭಾವ ತೀರಿಕೊಂಡ ಮೇಲೆ ಶೀಟಿನ ಮನೆಯಲ್ಲಿ ಅಕ್ಕ ಮತ್ತು ನಾನು ಇಬ್ಬರೇ. ಹಿತ್ತಲಲ್ಲಿ ಅಕ್ಕನ ನಾಟಿಕೋಳಿಗಳು. ಅಕ್ಕ ಮದುವೆಯಾಗಿ ಬಂದಾಗ ನಮ್ಮವ್ವ ಬುಟ್ಟಿಯಲ್ಲಿಟ್ಟು ಕಳಿಸಿದ್ದ ಜೋಡಿಯ ಮಕ್ಕಳು, ಮೊಮ್ಮಕ್ಕಳು. ಅಕ್ಟೋಬರಿನಲ್ಲಿ ಕೊಕ್ಕರೆ ರೋಗ ಬಂದು ಒಂದೊಂದಾಗಿ ಕುತ್ತಿಗೆ ತಿರುಚಿಕೊಂಡು ಸತ್ತವು. ಹುಂಜವೂ ಹೋಯಿತು. ಉಳಿದದ್ದು ಒಂದು ಕರಿ ಹೇಂಟೆ, ಅದು ಹುಂಜವಿದ್ದಾಗಲೇ ಇಡಲು ಶುರುಮಾಡಿದ್ದ ಹನ್ನೊಂದು ಮೊಟ್ಟೆ. ಅವು ಮರಿಯಾದರೆ ಅವ್ವನ ಕೋಳಿಯ ತಳಿ ಬೆರಕೆಯಾಗದೆ ಉಳಿದ ಹಾಗೆ, ಇಲ್ಲವೆಂದರೆ ಮುಗಿದ ಹಾಗೆ.

ಅಡುಗೆಮನೆ ಮೂಲೆಯಲ್ಲಿ ಮೊರಕ್ಕೆ ಬತ್ತದ ಹೊಟ್ಟು ಹಾಸಿ ಅಕ್ಕ ಕೋಳಿಯನ್ನು ಕಾವಿಗೆ ಕೂರಿಸಿದಳು. ಒಂಬತ್ತನೇ ದಿನಕ್ಕೆ ಹಿರಿಯೂರಿನಿಂದ, ಅಕ್ಕನ ಮಗಳಿಗೆ ಹೆರಿಗೆಯಾಯಿತೆಂದು ಫೋನ್ ಬಂತು. ಹೊರಡುವಾಗ ಅಕ್ಕ ಹೇಳಿದ್ದು ಒಂದೇ ಮಾತು: "ದಿನಕ್ಕೊಂದು ಸಲ ಎಬ್ಬಿಸಿ ಮೇಯಿಸು ಕಣೋ, ಆಮೇಲೆ ತಿರುಗಿ ಮೊಟ್ಟೆ ಮೇಲೆ ಕೂತ್ಕೊಂಡ್ತಾ ಅಂತ ನೋಡು. ಅಷ್ಟೇ."

ಅಷ್ಟೇ!

ನಮ್ಮ ಓಣಿಯಲ್ಲಿ ಕೋಳಿ ಸಾಕುವವರು ಮೂರು ಮನೆಯವರು. ಚಳಿಗಾಲದಲ್ಲಿ ಬೆಳಗ್ಗೆ ನಮ್ಮ ಹಿತ್ತಲಲ್ಲಿ ರಟ್ಟಿನ ಡಬ್ಬ ಸುಟ್ಟು ಬೆಂಕಿ ಕಾಯಿಸುತ್ತೇವೆ. ಆಟೋ ಓಡಿಸುವ ಮುನಿರಾಜಣ್ಣ ಈ ಊರಿನವರೇ. ಗಾರೆ ಕೆಲಸದ ಬಸವರಾಜ ರಾಯಚೂರಿನ ಕಡೆಯವನು, ಬಿಸಿಲಲ್ಲಿ ಹುಟ್ಟಿದವನಾದ್ದರಿಂದ ಕಂಬಳಿಯೊಳಗಿಂದ ಮೂಗು ಮಾತ್ರ ತೋರಿಸುತ್ತಾನೆ. ಹನ್ನೆರಡನೇ ದಿನ ಬೆಳಗ್ಗೆ ಎದುರಿನ ಕಟ್ಟಡವೂ ಕಾಣದಷ್ಟು ಮಂಜು. ಮಾತು ಎಂದಿನಂತೆ ಕೋಳಿಗೆ ಬಂತು.

"ಇಂಥಾ ಥಂಡ್ಯಾಗ ಬರೇ ಕೋಳಿ ಕಾವು ಸಾಲೂದಿಲ್ರೀ. ಮ್ಯಾಲ ಒಂದು ಬಲ್ಬ್ ಹಚ್ರಿ," ಅಂದ ಬಸವರಾಜ.

"ಬಲ್ಬಾ? ನೀನು ಒದ್ಕೊಂಡಿರೋ ಕಂಬ್ಳೀನೂ ಕೊಟ್ಬಿಡು ಅದ್ಕೆ," ಅಂದರು ಮುನಿರಾಜಣ್ಣ. "ಕಾವು ಕೂತ ಕೋಳಿ ಒಟ್ಟೆ ಮುಟ್ಟಿ ನೋಡಿದ್ದೀಯೇನ್ಲಾ? ಒಲೆ ಇದ್ದಂಗಿರ್ತದೆ."

ಇಂಥ ವಿವಾದ ನಡೆಯುವಾಗ ಸುಮ್ಮನಿರಲು ನನ್ನಿಂದ ಆದೀತೇ? ಒಳಗೆ ಹೋಗಿ ಕೋಳಿಯನ್ನೇ ಎತ್ತಿಕೊಂಡು ಬಂದೆ. ಮೂವರೂ ಸರದಿಯಲ್ಲಿ ಅದರ ಹೊಟ್ಟೆಯಡಿ ಕೈಯಿಟ್ಟೆವು. ನಿಜಕ್ಕೂ ಒಲೆ. ಬಸವರಾಜ ಎರಡನೇ ಸಲವೂ ಕೇಳಿ ಇಸಿದುಕೊಂಡ. ಹೇಗೂ ಎಬ್ಬಿಸಿದ್ದಾಯಿತು, ಮೇಯಲಿ ಎಂದು ನೆಲಕ್ಕೆ ರಾಗಿ ಚೆಲ್ಲಿ, ನಾಯಿ ಎಳೆಯದಿರಲೆಂದು ಮೇಲೆ ಮಂಕರಿ ಕವುಚಿ, ಮಂಕರಿಯ ಮೇಲೊಂದು ಕಲ್ಲಿಟ್ಟೆ. ಆಮೇಲೆ ಚಳಿಯಲ್ಲಿ ಮೊಟ್ಟೆ ಕಾಪಾಡುವುದು ಹೇಗೆ ಎಂದು ಇಬ್ಬರಿಗೂ ವಿವರಿಸತೊಡಗಿದೆ. ವಿವರಣೆ ಮುಗಿಯುವ ಮೊದಲೇ ಕಂಪನಿ ಬಸ್ಸಿನ ಹಾರನ್ ಕೇಳಿಸಿತು. ಮನೆಗೆ ಬೀಗ ಜಡಿದು ಓಡಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನವನಿಗೆ ಉಳಿದ ಭಾಗ ಹೇಳಿ ಮುಗಿಸಿದೆ. ಮೊಟ್ಟೆ ಒಂದು ಗಳಿಗೆಯೂ ತಣ್ಣಗಾಗಬಾರದು ಎಂದು ಒತ್ತಿ ಹೇಳಿದ್ದು ನೆನಪಿದೆ.

ಸಂಜೆ ಬಂದಾಗ ಮಂಕರಿ, ಕಲ್ಲಿನ ಸಮೇತ, ಹಿತ್ತಲ ಬಾಗಿಲ ಕಡೆಗೆ ಒಂದು ಗೇಣು ಸರಿದಿತ್ತು. ರಾಗಿ ಹಾಗೇ ಬಿದ್ದಿತ್ತು. ಬಾಗಿಲು ತೆಗೆದು ಮಂಕರಿ ಎತ್ತಿದ್ದೇ ತಡ, ಕೋಳಿ ನನ್ನ ಮುಖವನ್ನೂ ನೋಡದೆ ಒಳಗೆ ಓಡಿ, ರೆಕ್ಕೆ ಅಗಲಿಸಿ ಮೊಟ್ಟೆಗಳ ಮೇಲೆ ಕೂತಿತು. ಕೈಯಿಟ್ಟು ನೋಡಿದೆ. ತೊರೆಯಿಂದ ಆರಿಸಿ ತಂದ ಕಲ್ಲಿನ ಹಾಗಿದ್ದವು.

ಅಕ್ಕನ ಫೋನ್ ಬಂತು. "ಎಷ್ಟು ಹೊತ್ತು ಎದ್ದಿತ್ತೋ ಇವತ್ತು?"

"ಹತ್ತು ನಿಮಿಷ," ಅಂದೆ.

ಮರುದಿನ ಬೆಂಕಿಯ ಮುಂದೆ, ನಮ್ಮ ಕಂಪನಿಯ ಯಾರದೋ ಮನೆಯಲ್ಲಿ ಹೀಗಾಯಿತಂತೆ, ಮರಿಯಾದೀತೇ ಎಂದು ಕೇಳಿದೆ. "ಇಡೀ ದಿನ ಬಿಟ್ಟಿದ್ನಾ?" ಅಂದರು ಮುನಿರಾಜಣ್ಣ. "ಅವ್ನಿಗ್ಯಾಕಪ್ಪಾ ಕೋಳಿ? ಕಲ್ಲು ಸಾಕೋಕೆ ಯೋಳು. ಮೇವೂ ಬೇಡ, ಕಾವೂ ಬೇಡ." ಬಸವರಾಜ ಕಂಬಳಿಯೊಳಗೆ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಆಮೇಲಿನ ದಿನಗಳಲ್ಲಿ ನನ್ನಷ್ಟು ಚೆನ್ನಾಗಿ ಕೋಳಿ ನೋಡಿಕೊಂಡವರು ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ. ಗೋಣಿಚೀಲ ಹೊದಿಸಿದೆ, ಬಲ್ಬೂ ಹಾಕಿದೆ, ಕುಡಿಯಲು ಬೆಚ್ಚಗಿನ ನೀರಿಟ್ಟೆ. ಕೋಳಿ ಮಾತ್ರ ಕಣ್ಣು ಅರ್ಧ ಮುಚ್ಚಿ, ನಂಬಿಕೆಯಿಂದ ಕೂತೇ ಇತ್ತು. ಅದರ ಎದುರು ಕೂತು ಉಣ್ಣಲು ಮುಖವಿಲ್ಲದೆ ನಾಲ್ಕು ದಿನ ಹೋಟೆಲಿನಲ್ಲಿ ತಿಂದೆ.

ಇಪ್ಪತ್ತನೇ ದಿನ, ಮರಿ ಒಡೆಯುವ ಹೊತ್ತಿಗೆ ತಾನಿರಬೇಕೆಂದು, ಬಾಣಂತಿಯನ್ನು ಬೀಗಿತ್ತಿಯ ಕೈಗೊಪ್ಪಿಸಿ ಅಕ್ಕ ಬಂದೇಬಿಟ್ಟಳು. ಚಪ್ಪಲಿ ಬಿಟ್ಟವಳೇ ಬೋಗುಣಿಗೆ ಉಗುರುಬೆಚ್ಚಗಿನ ನೀರು ಹಾಕಿ ಮೊಟ್ಟೆಗಳನ್ನು ಮೆಲ್ಲಗೆ ಇಳಿಬಿಟ್ಟಳು. ಒಳಗೆ ಜೀವವಿದ್ದರೆ ಮೊಟ್ಟೆ ತಾನಾಗಿ ಅಲ್ಲಾಡುತ್ತದೆ. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಅಗೋ, ಒಂದು ಅಲ್ಲಾಡ್ತು ನೋಡೋ!" ಅಂದಳು ಅಕ್ಕ.

ನೋಡಲು ಬಾಗಿದಾಗ ನನ್ನ ಮೊಣಕಾಲು ಬೋಗುಣಿಗೆ ತಾಗಿತ್ತು. ಕಾಲು ಹಿಂದಕ್ಕೆ ತೆಗೆದುಕೊಂಡೆ. ನೀರು ನಿಂತಿತು. ಹನ್ನೊಂದೂ ನಿಂತವು.

ಅಕ್ಕ ತುಂಬಾ ಹೊತ್ತು ಕಾದಳು. ಬಾಗಿಲಲ್ಲಿ ನಿಂತಿದ್ದ ಮುನಿರಾಜಣ್ಣ, "ನಿನ್ ತಮ್ಮನ್ದೇನೂ ತಪ್ಪಿಲ್ಲ ಕಣಮ್ಮಾ. ಮಗೂನ ನೋಡ್ಕೊಂಡಂಗೆ ನೋಡ್ಕೊಂಡವ್ನೆ," ಅಂದರು. ಈಗ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಹುಟ್ಟಿದಾಗಿನಿಂದ ಯಾರೂ ಕೇಳದಿದ್ದರೂ ಮಾತಾಡಿದ ಬಾಯಿ ಅದು.

ಅಷ್ಟರಲ್ಲಿ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು, "ಕಾವಿಗೆ ಕೂರಿಸಿದ್ದು ನಾನಲ್ವಾ? ನನ್ನ ಕೈಗುಣವೇ ಸರಿಯಿಲ್ಲ ಬಿಡೋ," ಅಂದಳು. "ಬಸವರಾಜನ ಮನೆಯಿಂದ ಬೇರೆ ಮೊಟ್ಟೆ ತರೋಣ. ಅವ್ವನ ಕೋಳಿ ಅಲ್ಲದಿದ್ದರೂ ಚಿಂತೆಯಿಲ್ಲ. ಈ ಸಲ ನೀನೇ ಕೂರಿಸು."

"ಹಂಗೇನಿಲ್ಲಕ್ಕಾ," ಅಂದೆ, "ಈ ವರ್ಷ ಚಳಿ ಸ್ವಲ್ಪ ಜಾಸ್ತಿ." ಆಮೇಲೆ, ಚಳಿಯಲ್ಲಿ ಕೋಳಿಯನ್ನು ಕಾವಿಗೆ ಕೂರಿಸುವ ಸರಿಯಾದ ಕ್ರಮ ಯಾವುದೆಂದು ಅವಳಿಗೆ ಹೇಳತೊಡಗಿದೆ.