ಬೀಗರೂ ಮೂರು ಕಿಲೋ ಕುಂಬಳಕಾಯಿಯೂ

ಕಳ್ಳರು ಬಂದು ಹೋದ ಮನೆಯಲ್ಲಿ ಸಾಮಾನು ಕಡಿಮೆಯಾಗುತ್ತದೆ. ನಮ್ಮ ಬೀಗರು ಬಂದು ಹೋದ ಮನೆಯಲ್ಲಿ ಹೆಚ್ಚಾಗುತ್ತದೆ! ಎರಡರಲ್ಲಿ ಯಾವುದು ಅಪಾಯ ಎಂದು ಯಾರಾದರೂ ಕೇಳಿದರೆ ನಾನು ಬೀಗರ ಕಡೆಗೇ ಬೆರಳು ತೋರಿಸುತ್ತೇನೆ. ಕಳ್ಳ ಯಾಕೆ ಬಂದ ಎಂಬುದಾದರೂ ಗೊತ್ತಿರುತ್ತದೆ. ಬೀಗರು ಏನು ಬಿಟ್ಟುಹೋದರು, ಯಾಕೆ ಬಿಟ್ಟುಹೋದರು, ಯಾರಿಗೆ ಗೊತ್ತು? ಅವರು ಬಸ್ಸು ಹತ್ತಿದ ಮೇಲೆ ಮಂಚದ ಕೆಳಗೆ ಬಗ್ಗಿ ನೋಡುವುದು ನನಗೆ ರೂಢಿಯಾಗಿಬಿಟ್ಟಿದೆ. ಒಮ್ಮೆ ಅಲ್ಲಿ ಹಗ್ಗದಿಂದ ಹೆಣೆದ ಏನೋ ಒಂದು ಸಿಕ್ಕಿತು. ಕೂಡಲೇ ಫೋನು ಹಚ್ಚಿದೆ.

"ಬುಟ್ಟೀರಿ ಬೀಗರ, ನಿಮಗಂತ ಮಾಡೀನಿ."

"ತಳಾ ಎಲ್ಲೈತ್ರಿ ಇದಕ್ಕ?"

"ಅದನ್ನ ಇನ್ನೂ ಕಲೀಬೇಕ್ರಿ."

ಬೀಗರೆಂದರೆ ನನ್ನ ಒಬ್ಬಳೇ ಮಗಳ ಮಾವ. ನಮ್ಮ ಸೀಮೆಯಿಂದಲೇ ಹೋಗಿ ಸಂಭಾಜಿನಗರದ ಒಂದು ಕಾರ್ಖಾನೆಯಲ್ಲಿ ಜನ್ಮವೆಲ್ಲ ದುಡಿದು ನಿವೃತ್ತರಾದವರು. ನಿವೃತ್ತಿಯಾದ ಮರುದಿನದಿಂದ ಅವರ ಕೈ ಸುಮ್ಮನಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡುವುದು, ಮನೆಯಲ್ಲೇ ಕೂತು ಹೊಸ ವಿದ್ಯೆ ಕಲಿಯುವುದು. ಚಹಾ ಕುಡಿಯುವಾಗ ಶುರು ಮಾಡಿದ್ದು ಊಟದ ಹೊತ್ತಿಗೆ ಬಂದಿರಬೇಕು!

ನನಗೆ ಇದು ಹೇಗೆ ಒಪ್ಪಿಗೆಯಾದೀತು ಹೇಳಿ? ನಾನು ಐದನೇ ಇಯತ್ತೆಗೆ ಸಾಲೆ ಬಿಟ್ಟವನು. ವಿಜಯಪುರದ ಕಡೆಯಿಂದ ನಾಸಿಕ್ಕಿಗೆ ಬಂದು ಉಸುಕು ಹೊತ್ತವನು. ನಮ್ಮ ಉಸ್ತಾದ್ ಮೊದಲ ವರ್ಷ ನನಗೆ ಕರಣಿ ಮುಟ್ಟಲೂ ಕೊಡಲಿಲ್ಲ. ಉಸುಕು ಸೋಸು, ಬೈಗುಳ ತಿನ್ನು, ಮತ್ತೆ ಉಸುಕು ಸೋಸು. ಹಾಗೆ ಕಲಿತು ನೆಲಕ್ಕೆ ಕಲ್ಲು, ಟೈಲ್ಸು ಕೂರಿಸುವ ಫರಸಿ ಮಿಸ್ತ್ರಿಯಾದೆ. ಇವತ್ತು ನಾಸಿಕ್ಕಿನ ಸಾತಪುರದ ಕಡೆ ನಾನು ಹಾಕಿದ ಫರಸಿಯ ಮೇಲೆ ಕಾಲಿಡದ ಮನುಷ್ಯ ಇದ್ದರೆ ಅವನು ಹಾರಿಕೊಂಡೇ ಓಡಾಡುತ್ತಿರಬೇಕು. ಬೈಗುಳ ತಿನ್ನದೆ ಬಂದ ವಿದ್ಯೆಯನ್ನು ನಾನು ನಂಬುವುದಿಲ್ಲ.

ಬೀಗರು ಮೊದಲು ಕಲಿತದ್ದು ಮೇಣಬತ್ತಿ. ಆಮೇಲೆ ಸಾಬೂನು. ಬೇವಿನೆಲೆ ಅರೆದು ಹಾಕಿ, ಹಸಿರು ಇಟ್ಟಂಗಿಯಂಥದ್ದನ್ನು ಕಾಗದದಲ್ಲಿ ಸುತ್ತಿ ಪ್ರೀತಿಯಿಂದ ಕೊಟ್ಟರು. ನೊರೆ ಬರಲಿಲ್ಲ. ಸವೆಯಲೂ ಇಲ್ಲ. ನಾಲ್ಕು ದಿನ ಉಜ್ಜಿದ ಮೇಲೆ ಸವೆಯುತ್ತಿರುವುದು ಸಾಬೂನಲ್ಲ, ನಾನು ಎಂಬುದು ಗಮನಕ್ಕೆ ಬಂತು. ಈಗ ಅದು ನಮ್ಮ ಕಪಾಟಿನ ಕುಂಟು ಕಾಲಿನ ಕೆಳಗಿದೆ. ಕಪಾಟು ಅಲುಗಾಡುತ್ತಿಲ್ಲ. ಕೆಟ್ಟ ಕೆಲಸ ಎಂದು ಹೇಗೆ ಹೇಳಲಿ?

ಮುಂದೆ ಬಂತು ಕಟಿಂಗು. ಉರಿಬಿಸಿಲಿನಲ್ಲಿ ಅವರನ್ನು ಕರೆತರಲು ನಾಸಿಕ್ ರೋಡ್ ಸ್ಟೇಷನ್ನಿಗೆ ಹೋದರೆ, ತಲೆಯ ಮೇಲೆ ಉಣ್ಣೆಯ ಟೋಪಿ!

"ಯಾಕ್ರಿ ಬೀಗರ, ಥಂಡಿ ಹತ್ತೇತೇನು?"

"ಇಲ್ರಿ, ಕಟಿಂಗ್ ಮಾಡೋದು ಕಲತೀನಿ."

"ಯಾರ ಮ್ಯಾಲ?"

ಟೋಪಿಯನ್ನು ಅರ್ಧ ಎತ್ತಿ ತೋರಿಸಿದರು. ನಾನೇ ಅದನ್ನು ಕೆಳಗೆಳೆದು ಮುಚ್ಚಿದೆ.

"ಕನ್ನಡಿಯೊಳಗ ಎಡಾ ಬಲಾ ಆಗತೈತ್ರಿ. ಮುಂದ ಕುಂತವರ ತಲಿಯಾಗಿದ್ರ ಏನೂ ತ್ರಾಸಿಲ್ಲ" ಎಂದರು. ಎರಡು ದಿನ ನಮ್ಮಲ್ಲಿದ್ದರು. ಮಾತಾಡುವಾಗ ಅವರ ಕಣ್ಣು ನನ್ನ ಮುಖದ ಮೇಲಿರುತ್ತಿರಲಿಲ್ಲ, ಅದಕ್ಕಿಂತ ನಾಲ್ಕು ಬೆರಳು ಮೇಲಿರುತ್ತಿತ್ತು. ಆ ಎರಡು ರಾತ್ರಿ ನಾನೂ ಟೋಪಿ ಹಾಕಿಕೊಂಡೇ ಮಲಗಿದೆ.

ಇದೆಲ್ಲ ನಗುವ ಮಾತು. ನಗಲಾರದ ಮಾತೊಂದಿತ್ತು. ಮಗಳಿಗೆ ಏಳು ತಿಂಗಳು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರುಮನೆಯದು. ಮದುವೆಯ ಮಾತುಕತೆಯಲ್ಲೇ ನಾನು ಎಲ್ಲರೆದುರು ಎದೆ ತಟ್ಟಿ ಹೇಳಿದ್ದೆ, "ನನ್ನ ಮನಿಯಾಗ ಆಗಬೇಕು." ಹೇಳಿದ್ದೇನೋ ಹೇಳಿದೆ. ನನ್ನ ಹೆಂಡತಿ ಆ ಮದುವೆಯನ್ನು ನೋಡಲೂ ಉಳಿದಿರಲಿಲ್ಲ. ಬಾಣಂತಿಯ ಊಟ, ಆರೈಕೆ ನೋಡಿಕೊಳ್ಳುತ್ತೇನೆಂದು ಪಕ್ಕದ ಮನೆಯ ಅಕ್ಕ ಒಪ್ಪಿದ್ದಳು. ಆದರೆ ಕೂಸಿಗೆ ನೀರು ಹಾಕುವ ಮಾತು ತೆಗೆದರೆ ಅವಳು "ಹಸುಗೂಸು ಹಿಡಿಯಾಕ ನಂಗ ಅಂಜಿಕಿ ಬರತೈತಪಾ" ಎಂದು ಹಿಂದೆ ಸರಿಯುತ್ತಿದ್ದಳು. ಗುರುತಿಲ್ಲದ ಬಾಡಿಗೆಯ ಕೈಗೆ ಕೊಡಲು ನನಗೆ ಮನಸ್ಸಿರಲಿಲ್ಲ. ಹಾಗಾದರೆ ಕೂಸಿಗೆ ಎರೆಯುವವರು ಯಾರು? ಬೀಗರು ಒಂದು ದಿನ "ನಿಮ್ಮ ಮನಿಯಾಗ ಹೆಣ್ಮಗಳಿಲ್ಲ, ಇಲ್ಲೇ ಇರಲಿ ಬಿಡ್ರಿ" ಎಂದುಬಿಟ್ಟರೆ? ಆ ಮಾತು ಅವರ ಬಾಯಿಂದ ಯಾವಾಗ ಬೀಳುತ್ತದೋ ಎಂದು ಕಿವಿ ಚೂಪು ಮಾಡಿಕೊಂಡೇ ಇದ್ದೆ.

ಅಷ್ಟರಲ್ಲಿ ಅವರ ಫೋನು ಬಂತು.

"ಬೀಗರ, ಒಂದು ಸಣ್ಣ ಸವಾಲ್ ಐತ್ರಿ. ಬಚ್ಚಲದ ನೀರು ಎತ್ತಾಗ ಹೋಗಬೇಕು?"

"ಮೋರಿ ಕಡೆ ಹೋಗಬೇಕ್ರಿ. ಯಾಕ?"

"ನಮ್ಮದು ಟೀವಿ ಕಡೆ ಹೊಂಟೈತಿ."

ವಿಡಿಯೋ ನೋಡಿ ಬಚ್ಚಲಿಗೆ ತಾವೇ ಫರಸಿ ಹಾಕಿದ್ದರು! ಸಾಬೂನು ಮಾಡಲಿ, ತಲೆ ಕೆಡಿಸಿಕೊಳ್ಳಲಿ, ಆದರೆ ನನ್ನ ಹೊಟ್ಟೆಪಾಡಿನ ವಿದ್ಯೆಗೇ ಕೈ ಹಾಕುವುದೆಂದರೇನು? ಮರುದಿನವೇ ಕರಣಿ, ಲೆವೆಲ್ ಪಟ್ಟಿ, ಕಟರ್ ಎಲ್ಲ ಚೀಲಕ್ಕೆ ತುಂಬಿಕೊಂಡು ಎಸ್‌ಟಿ ಬಸ್ಸು ಹತ್ತಿದೆ.

ಹೋಗಿ ನೋಡಿದೆ. ಸಾಲು ನೇರವಾಗಿತ್ತು. ಸಂದು ಸಮವಾಗಿತ್ತು. (ಇದನ್ನು ಅವರಿಗೆ ನಾನು ಹೇಳಲಿಲ್ಲ, ನೀವೂ ಹೇಳಬೇಡಿ.) ಇಳಿಜಾರು ಮಾತ್ರ ಪೂರಾ ತಿರುವುಮುರುವು.

"ವಿಡಿಯೋದಾಗ ಇಳಿಜಾರಿನ ಬಗ್ಗೆ ಹೇಳಿದ್ದಿಲ್ಲೇನ್ರಿ?"

"ಹೇಳಿರಬೇಕ್ರಿ. ನಡುವ ಜಾಹೀರಾತು ಬಂತು."

ಬೀಗತಿಯವರು ಕುರ್ಚಿಯಲ್ಲಿ ಕೂತೇ ನಕ್ಕರು. ಅವರಿಗೆ ಮೊಣಕಾಲಿನ ಆಪರೇಶನ್ ಆಗಿದೆ, ನೆಲಕ್ಕೆ ಕೂಡುವಂತಿಲ್ಲ. ಒಂದು ಕಾಲದಲ್ಲಿ ಆ ಗಲ್ಲಿಯ ಕೂಸುಗಳೆಲ್ಲ ಅವರ ಕಾಲ ಮೇಲೆ ಮಲಗಿ ಮಿಂದು ಬೆಳೆದವಂತೆ. "ಅಣ್ಣಾರ, ನಿಮ್ಮ ಬೀಗರನ್ನೂ ಒಮ್ಮೆ ಒಡದು ಹೊಸದಾಗಿ ಹಾಕಿ ಹೋಗ್ರಿ" ಎಂದರು.

ಒಡೆಯುತ್ತ ಒಡೆಯುತ್ತ ನನಗೆ ಸಂಶಯ ಬಂತು. ಇದ್ದ ಬಚ್ಚಲನ್ನು ಈಗ ಯಾಕೆ ಹೊಸದು ಮಾಡಿದರು? ಕಾಲು ಜಾರದಂಥ ಒರಟು ಫರಸಿ ಯಾಕೆ? ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂಡಲು ಇಷ್ಟು ಜಾಗ ಯಾಕೆ? ಕೇಳಿದರೆ "ಹಳೇದು ಜಾರತಿತ್ರಿ, ಬಸರಿ ಹೆಣ್ಮಗಳು ಓಡಾಡೋ ಜಾಗ" ಎಂದರು. ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದೇ ಸಂಶಯ! ಬೀಗರ ಮಾತು ಯಾವತ್ತು ಸರಿಯಾಗಿತ್ತು?

ಸೀಮಂತಕ್ಕೆ ನಮ್ಮ ಕಡೆ ಕುಬಸ ಎನ್ನುತ್ತೇವೆ. ಮಗಳನ್ನು ಕೇಳಿದೆ, "ಕುಬಸ ಆದ ಮ್ಯಾಲ ನಾಸಿಕ್ಕಿಗೆ ಯಾವಾಗ ಹೊರಡೋದವ್ವ?"

"ಬಘೂ ಯಾ ನಾ ಅಪ್ಪಾ, ಮಾಮಾ ಏನು ಹೇಳ್ತಾರ" ಎಂದಳು. ನೋಡೋಣವಂತೆ! ನಾಸಿಕ್ಕಿನಲ್ಲೇ ಹುಟ್ಟಿದವಳು. ಅವಳ ಕನ್ನಡ ಮರಾಠಿಯ ಓಣಿ ದಾಟಿಯೇ ಹೊರಗೆ ಬರುತ್ತದೆ. ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಕ್ಕಳೋ, ಬೇರೇನೋ?

ಎರಡು ದಿನ ಫರಸಿ ಒಣಗಲು ಬಿಟ್ಟೆವು. ಎರಡನೆಯ ದಿನ ಮಧ್ಯಾಹ್ನ ಊಟಕ್ಕೆ ಕುಂಬಳಕಾಯಿ ಪಲ್ಲೆ. ಸಂಜೆ ಬೀಗರು ನನ್ನನ್ನು ಕಾಯಿಪಲ್ಲೆ ಸಂತೆಗೆ ಕರೆದೊಯ್ದು ಮತ್ತೆ ಕುಂಬಳಕಾಯಿಯ ಮುಂದೆಯೇ ನಿಂತರು. ಒಂದೊಂದನ್ನೂ ತಕ್ಕಡಿಗೆ ಇಡಿಸಿದರು. "ಇದು ನಾಲ್ಕು ಕಿಲೋ, ಬ್ಯಾಡ. ಇದು ಎರಡು, ಅಶಕ್ತ ಐತಿ."

"ಬೀಗರ, ದೊಡ್ಡದು ಒಯ್ದ್ರ ಪಲ್ಲೆ ಹೆಚ್ಚಾಗತೈತಿ."

"ಇದು ಪಲ್ಲೆಕ್ಕಲ್ರಿ" ಎಂದು ಮೂರು ಕಿಲೋದ್ದೊಂದನ್ನು ಆರಿಸಿ ಎದೆಗೆ ಅವಚಿಕೊಂಡರು.

ಪಲ್ಲೆಗಲ್ಲ! ಹಾಗಾದರೆ ಯಾತಕ್ಕೆ? ಮನೆಗೆ ಬಂದ ಕುಂಬಳಕಾಯಿ ಅಡುಗೆಮನೆಗೆ ಹೋಗದೆ, ಬಟ್ಟೆ ಸುತ್ತಿಕೊಂಡು ಅವರ ಕೋಣೆಗೆ ಹೋಯಿತು. ಹಿಂದೆಯೇ ಒಂದು ಬಟ್ಟಲು ಎಣ್ಣೆ, ಒಂದು ಬಟ್ಟಲು ಅರಿಷಿಣ ಹೋದವು. ಕುಂಬಳಕಾಯಿ, ಎಣ್ಣೆ, ಅರಿಷಿಣ. ಮನೆಯಲ್ಲಿ ಬಸುರಿ ಮಗಳು. ಮಾಟ, ಮಂತ್ರ ಎಂದು ಉಳಿದವರು ಹೆದರಿ ಬಿಟ್ಟ ಮನೆಗಳಲ್ಲೂ ಒಬ್ಬನೇ ಕೂತು ಫರಸಿ ಹಾಕಿದವನು ನಾನು. ಅಂಥವನ್ನು ನಂಬುವುದಿಲ್ಲ. ಆ ದಿನ ಮಾತ್ರ ನಂಬಿದೆ.

ಬೆಳಗಾಗುತ್ತಲೇ ಬಚ್ಚಲ ಕಡೆಯಿಂದ ಪಿಸುಮಾತು ಕೇಳಿಸಿತು. ಎದ್ದು ಹೋದೆ. ಬೀಗತಿಯವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಳಗೆ ನೋಡುತ್ತ ಅಪ್ಪಣೆ ಕೊಡುತ್ತಿದ್ದರು. "ಮೊದಲ ಎದಿ. ಆಮ್ಯಾಲ ಹೊಟ್ಟಿ. ಕಣ್ಣಾಗ ಹೋಗಬಾರದು! ಸಾವಕಾಶ!"

ಕಣ್ಣು? ಯಾರ ಕಣ್ಣು? ಇಣುಕಿ ನೋಡಿದರೆ, ನಾನು ಹಾಕಿದ ಫರಸಿಯ ಮೇಲೆ ಬೀಗರು ಲುಂಗಿ ಎತ್ತಿ ಕಟ್ಟಿ, ಕಾಲು ನೀಳವಾಗಿ ಚಾಚಿ ಕೂತಿದ್ದಾರೆ. ಕಾಲುಗಳ ಮೇಲೆ ಎಣ್ಣೆ ಹಚ್ಚಿದ ಕುಂಬಳಕಾಯಿ ಮಿರಿಮಿರಿ ಮಿಂಚುತ್ತಿದೆ. ಅದಕ್ಕೆ ತಂಬಿಗೆಯಿಂದ ಬಿಸಿನೀರು ಹೊಯ್ಯುತ್ತಿದ್ದಾರೆ!

ನನ್ನನ್ನು ಕಂಡು ಅವರು ಬೆಚ್ಚಿದರು. ಕುಂಬಳಕಾಯಿ ಜಾರಿ ಉರುಳಿ ಗೋಡೆಗೆ ಬಡಿಯಿತು.

"ಅಯ್ಯ! ಮತ್ತ ಕೆಡವಿದ್ರಿ!" ಎಂದು ಬೀಗತಿಯವರು ಹಣೆ ಹಣೆ ಬಡಿದುಕೊಂಡರು. "ನಿನ್ನಿದು ಕೋಣ್ಯಾಗ ಹಿಂಗ ಬಿದ್ದು ಒಡದು ಹೋತು. ಪುಣ್ಯಾಕ್ಕ ಇದು ಉಳದೈತಿ."

ಹಿಂದಿನ ಮಧ್ಯಾಹ್ನ ನಾನು ಎರಡು ಸಲ ಹಾಕಿಸಿಕೊಂಡು ತಿಂದ ಪಲ್ಲೆ ಎಲ್ಲಿಂದ ಬಂದಿತ್ತೆಂದು ಆಗ ತಿಳಿಯಿತು.

"ಏನ್ರಿ ಇದು ಬೀಗರ?"

"ಕೂಸಿಗೆ ಎರಿಯೋದು ಕಲಿಯಾಕತ್ತೀನ್ರಿ."

ನನ್ನ ಸಿಟ್ಟು ನೆತ್ತಿಗೇರಿತು. "ಅಂದ್ರ ಆಕಿನ್ನ ಇಲ್ಲೇ ಇಟ್ಕೊಳ್ಳೋ ವಿಚಾರ ಐತಿ! ಬಚ್ಚಲಾ ಆತು, ಕುಂಬಳಕಾಯಿ ಆತು. ನಿಮ್ಮ ಮನಿಯಾಗ ಹೆಣ್ಮಗಳಿಲ್ಲ ಅಂತ ನೆಟ್ಟಗ ಹೇಳ್ರಲ್ಲ!"

ಯಾವ ಮಾತು ಅವರ ಬಾಯಿಂದ ಬೀಳುತ್ತದೆಂದು ಇಷ್ಟು ದಿನ ಹೆದರಿದ್ದೆನೋ ಅದು ನನ್ನ ಬಾಯಿಂದಲೇ ಬಿದ್ದಿತ್ತು.

ಬೀಗರು ಕುಂಬಳಕಾಯಿಯನ್ನು ಎತ್ತಿಕೊಂಡು ಟಾವೆಲ್ಲಿನಿಂದ ಒರೆಸಿದರು.

"ಇಲ್ಲಿ ಯಾಕ ಇಟ್ಕೊಳ್ಳೋಣ್ರಿ? ನಿಮ್ಮ ಮನಿಯಾಗ ಅಂತ ಮದುವಿಯಾಗ ಮಾತಾಗೇತಿ."

"ಮತ್ತ ಇದು?"

"ನಿಮಗ ಕಲಿಸಾಕ್ರಿ. ಮೊಬೈಲ್ ನೀವು ನೋಡೂದಿಲ್ಲ. ಇಕಿ ಹೇಳಿದ್ರ ನಾಚ್ಕೊಂಡು ಓಡತೀರಿ. ನಾ ಹೇಳಿದ್ರ ಬೈಕೋತಾದ್ರೂ ಕಲೀತೀರಿ ಅಂತ ಮೊದಲ ನಾ ಕಲತೆ." ಆಮೇಲೆ ಸ್ವಲ್ಪ ಮೆತ್ತಗೆ, "ಇದೊಂದು ವಿಡಿಯೋ ನೋಡಿ ಕಲತಿಲ್ರಿ ಬೀಗರ. ಇಕಿ ಕಡಿಂದ ಬೈಸ್ಕೊಂಡು ಕಲತೀನಿ. ನಿಮ್ಮ ಉಸ್ತಾದ್ ನಿಮಗ ಕಲಿಸಿದಂಗ" ಎಂದರು.

ನಾನೂ ಲುಂಗಿ ಎತ್ತಿ ಕಟ್ಟಿದೆ. ಅವರೆದ್ದ ಜಾಗದಲ್ಲಿ ಕಾಲು ಚಾಚಿ ಕೂತೆ. ಕುಂಬಳಕಾಯಿ ನನ್ನ ಕಾಲ ಮೇಲೆ ಬಂತು.

"ಕುತ್ತಿಗಿ ಹಿಡೀರಿ ಅಣ್ಣಾರ."

"ಕುಂಬಳಕಾಯಿಗೆ ಕುತ್ತಿಗಿ ಎಲ್ಲೈತ್ರಿ ಬೀಗತೇರ?"

"ಐತಿ ಅಂತ ತಿಳ್ಕೋರಿ. ಹಸುಗೂಸಿಂದೂ ಹಂಗ, ಇದ್ದೂ ಇಲ್ಲದಂಗ."

ಎಣ್ಣೆ ಹಚ್ಚಲು ಅಂಗೈ ಆಡಿಸಿದೆ. ಸಿಮೆಂಟು ತಿಂದ ಕೈ. ಕುಂಬಳಕಾಯಿಯ ಮೇಲೂ ಕರಕರ ಸದ್ದಾಯಿತು. ಎಲ್ಲರಿಗೂ ಕೇಳಿಸಿತು. ಕೈ ಹಿಂದಕ್ಕೆಳೆದುಕೊಂಡೆ.

ಬೀಗರು ಗೂಡಿನಿಂದ ಒಂದು ಸಣ್ಣ ಡಬ್ಬಿ ತೆಗೆದು ನನ್ನ ಪಕ್ಕ ಇಟ್ಟರು. "ಮೇಣಬತ್ತೀದು ಮೇಣ ಉಳದಿತ್ರಿ. ಕೊಬ್ಬರಿ ಎಣ್ಣಿ ಕೂಡಿಸೀನಿ. ದಿನಾ ಕೈಗೆ ಹಚ್ಕೊಂಡು ಮಲಗ್ರಿ. ಇನ್ನೂ ಎರಡು ತಿಂಗಳು ಟೈಮ್ ಐತಿ, ಮೆತ್ತಗಾಗತಾವ."

ಇಷ್ಟು ದಿನ ಅವರ ಕಣ್ಣು ನನ್ನ ತಲೆಯ ಮೇಲಿದೆ ಎಂದುಕೊಂಡಿದ್ದೆ. ಕೈಯನ್ನು ಯಾವಾಗ ನೋಡಿದರೋ! ನೀರು ಸರಿಯಾಗಿ ಮೋರಿಯ ಕಡೆ ಹೋಗುತ್ತಿದೆಯೇ ಎಂದು ಪರೀಕ್ಷಿಸುವವನಂತೆ ತಲೆ ತಗ್ಗಿಸಿಕೊಂಡು ಬಹಳ ಹೊತ್ತು ಕೂತೆ. ಹಿಂದಿನಿಂದ ಮಗಳ ನಗು ಕೇಳಿಸಿತು. "ಅಪ್ಪಾ, ಪಾಣೀ ಥಂಡ ಝಾಲಂ, ಕೂಸಿಗೆ ನೆಗಡಿ ಆಗತದ!"

ಕುಬಸ ಮುಗಿಸಿ ಕಾರು ಮಾಡಿ ಮಗಳನ್ನು ತಾವೇ ಕರೆತಂದು ಬಿಡುವುದಾಗಿ ಹೇಳಿ ಬೀಗರು ನನ್ನನ್ನು ಬಸ್ಸಿಗೆ ಹತ್ತಿಸಿದರು. ಅಲ್ಲಿಯವರೆಗೆ ರೂಢಿಯಾಗಲಿ ಎಂದು ಕುಂಬಳಕಾಯಿಯನ್ನೂ ಕೊಟ್ಟರು. ಸೀಟಿನಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡೆ. ಕಿಟಕಿಯಿಂದ ಗಾಳಿ ಬರುತ್ತಿತ್ತು, ಟಾವೆಲ್ ಹೊದಿಸಿದೆ.

ಕಂಡಕ್ಟರ್ ಬಂದ. "ಕಾಕಾ, ಭೋಪಳಾ ಖಾಲೀ ಠೇವಾ ನಾ" ಎಂದ. ಕುಂಬಳಕಾಯಿಯನ್ನು ಕೆಳಗಿಡಬೇಕಂತೆ!

"ರಾಹೂ ದ್ಯಾ" ಎಂದೆ. ಇರಲಿ ಬಿಡಿ.

ಅವನು ಟಾವೆಲ್ ನೋಡಿದ, ನನ್ನನ್ನು ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಬೀಗರನ್ನು ನಾನು ವರ್ಷಗಟ್ಟಲೆ ನೋಡಿದ ನೋಟವೇ ಅದು. ಟಿಕೆಟ್ ಹರಿದು ಕೊಟ್ಟು ಬೇಗ ಮುಂದಕ್ಕೆ ಹೋದ.

ಊರು ದಾಟಿದ ಮೇಲೆ ರಸ್ತೆಯಲ್ಲಿ ಒಂದು ಗುಂಡಿ ಬಂತು. ಬಸ್ಸು ಎತ್ತಿ ಕುಕ್ಕಿತು. ಎಲ್ಲರೂ ಎದುರಿನ ಸರಳು ಹಿಡಿದುಕೊಂಡರು. ನನ್ನ ಕೈ ಮಾತ್ರ, ನಾನು ಹೇಳದೆಯೇ, ಆ ಇಲ್ಲದ ಕುತ್ತಿಗೆಯ ಕೆಳಗೆ ಹೋಗಿತ್ತು.